ಶ್ವಾನ ತರಬೇತಿ: ವಿಜಯಪುರ–ಮುಧೋಳ ಸೀಮೆಯ ಚರಿತ್ರೆ

ನಾಯಿಯ ಹುಟ್ಟುಗುಣವನ್ನು ಅರಿತು, ಮನುಷ್ಯನೊಂದಿಗಿನ ಬಾಳಿಗೂ ಕೆಲಸಕ್ಕೂ ಬೇಕಾದ ನಡವಳಿಕೆಯನ್ನು ಅದಕ್ಕೆ ರೂಢಿ ಮಾಡಿಸುವ ವಿದ್ಯೆಯೇ ಶ್ವಾನ ತರಬೇತಿ. ಬೇಕಾದ ನಡವಳಿಕೆ ಕಂಡ ಕೂಡಲೇ ತಿನಿಸು, ಆಟ ಅಥವಾ ಅಕ್ಕರೆಯ ಮಾತು ಕೊಟ್ಟು ಅದನ್ನು ಗಟ್ಟಿಗೊಳಿಸುವ ಕ್ರಮಕ್ಕೆ ಧನಾತ್ಮಕ ಬಲವರ್ಧನೆ ಎಂದು ಹೆಸರು. ಕರ್ನಾಟಕದಲ್ಲಿ ಈ ವಿದ್ಯೆಯ ಚರಿತ್ರೆಯನ್ನು ಹೇಳಲು ಹೊರಟರೆ ಮುಧೋಳ ನಾಯಿಯ ನಾಡಿಗೇ ಬರಬೇಕು. ವಿಜಯಪುರ ನಗರ, ಅದರ ಪಶ್ಚಿಮಕ್ಕಿರುವ ತಿಕೋಟಾ, ನೈಋತ್ಯಕ್ಕಿರುವ ಬಬಲೇಶ್ವರ, ಕೃಷ್ಣೆಯನ್ನು ದಾಟಿದರೆ ಸಿಗುವ ಮುಧೋಳ, ಇವೆಲ್ಲ ಒಂದೇ ಬಯಲುಸೀಮೆಯ ಊರುಗಳು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರ್ಪಡುವ ತನಕ ಮುಧೋಳವೂ ಬಿಜಾಪುರ (ಈಗಿನ ವಿಜಯಪುರ) ಜಿಲ್ಲೆಯಲ್ಲೇ ಇತ್ತು.

ಪ್ರಾಚೀನ ಹಿನ್ನೆಲೆ

ಕನ್ನಡ ನಾಡಿನಲ್ಲಿ ನಾಯಿಗೆ ಸಂದ ಗೌರವದ ದೊಡ್ಡ ಸಾಕ್ಷಿ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಕ್ರಿ.ಶ. 949–50ರ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗ ದೊರೆ ಇಮ್ಮಡಿ ಬೂತುಗನು ವೀರ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಬೇಡು ಎಂದಾಗ ಅವನು ಬೇಡಿದ್ದು ‘ಕಾಳಿ’ ಎಂಬ ನಾಯಿಯನ್ನು. ಮುಂದೆ ಕಾಳಿ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಆ ಕಾಳಗವನ್ನು ಕಲ್ಲಿನಲ್ಲಿ ಕಡೆದು ನಿಲ್ಲಿಸಿ, ಪೂಜೆಗೆ ಭೂಮಿ ಬಿಡಲಾಯಿತು.

ವಿಜಯಪುರ ಸೀಮೆಯನ್ನು ಆಳಿದ ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಬೇಟೆನಾಯಿಗಳ ವಿನೋದಕ್ಕೆ ಒಂದು ಭಾಗವೇ ಮೀಸಲು. ಅರಮನೆಯಲ್ಲಿ ನಾಯಿ ಬೇಟೆಯ ಸಾಧನವಾಗಿದ್ದರೆ ಬಯಲಿನಲ್ಲಿ ಕುರಿಗಾಹಿಯ ಜೊತೆಗಾರನಾಗಿತ್ತು. ತೋಳ ಬಂದರೆ ಎಚ್ಚರಿಸುತ್ತ ರಾತ್ರಿಯೆಲ್ಲ ಹಿಂಡು ಕಾಯುವ ನಾಯಿಗೆ ಯಾರೂ ಪಾಠ ಮಾಡುತ್ತಿರಲಿಲ್ಲ. ಮರಿಯಿದ್ದಾಗಿನಿಂದ ಕುರಿಗಳ ನಡುವೆಯೇ ಬೆಳೆದು ಅದು ಹಿಂಡನ್ನು ತನ್ನದೆಂದು ತಿಳಿಯುತ್ತಿತ್ತು. ಕುರಿಗಾಹಿಗಳ ದೈವವಾದ ಮೈಲಾರಲಿಂಗನ ಪರಂಪರೆಯಲ್ಲಿ ನಾಯಿ ದೇವರ ಪರಿವಾರಕ್ಕೇ ಸೇರಿದೆ.

ಮುಧೋಳ ನಾಯಿ

ಉದ್ದ ಮೂತಿ, ಆಳವಾದ ಎದೆ, ಒಳಸರಿದ ಹೊಟ್ಟೆ, ಕಡ್ಡಿಯಂಥ ಕಾಲು: ಈ ತಳಿಯ ಮೈಕಟ್ಟೆಲ್ಲ ಓಟಕ್ಕಾಗಿಯೇ ಇದೆ. ಇದು ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಗುಂಪಿಗೆ ಸೇರಿದ್ದು. ಪಶ್ಚಿಮ ಮತ್ತು ಮಧ್ಯ ಏಷ್ಯಾದಿಂದ ವ್ಯಾಪಾರಿಗಳ ಸಾರ್ಥಗಳೊಂದಿಗೆ, ಸೈನ್ಯಗಳೊಂದಿಗೆ ಬಂದ ಸಲೂಕಿ, ತಾಜಿ ಜಾತಿಯ ನಾಯಿಗಳು ಇದರ ಮೂಲವೆಂಬ ಅಭಿಪ್ರಾಯ ಪ್ರಬಲವಾಗಿದೆ. ಕಾರವಾನ್ ಹೌಂಡ್ ಎಂಬ ಇನ್ನೊಂದು ಹೆಸರೂ ಅದನ್ನೇ ಸೂಚಿಸುತ್ತದೆ. ಕಿವಿ, ಬಾಲಗಳಲ್ಲಿ ಜೂಲುಳ್ಳ ಬಗೆಯನ್ನು ಪಶ್ಮಿ ಎನ್ನುತ್ತಾರೆ.

ಮುಧೋಳದ ಘೋರ್ಪಡೆ ಮನೆತನ ಮೊದಲು ಬಿಜಾಪುರದ ಆದಿಲ್‌ಶಾಹಿಗಳ ಸರದಾರಿಕೆಯಲ್ಲಿತ್ತು. ಇದೇ ಮನೆತನದ ರಾಜಾ ಮಾಲೋಜಿರಾವ್ ಘೋರ್ಪಡೆ 20ನೆಯ ಶತಮಾನದ ಆರಂಭದಲ್ಲಿ, ಬೇಡರು ಮತ್ತು ರೈತರ ಬಳಿ ಉಳಿದಿದ್ದ ಈ ನಾಯಿಗಳನ್ನು ಆರಿಸಿ ಬೆಳೆಸಿದರು. ಬ್ರಿಟನ್ನಿನ ಐದನೆಯ ಜಾರ್ಜ್ ದೊರೆಗೆ ಅವರು ಒಂದು ಜೋಡಿ ಕಾಣಿಕೆ ಕೊಟ್ಟರೆಂದೂ, ಮುಧೋಳ ಹೌಂಡ್ ಎಂಬ ಹೆಸರು ಆಗ ಬಿತ್ತೆಂದೂ ಪ್ರತೀತಿ ಇದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ಅಪರಾಧವಾಗಿಸಿತು. ಮೊಲ, ಚಿಗರಿಯ ಬೆನ್ನಟ್ಟುವುದಕ್ಕೆಂದೇ ರೂಪುಗೊಂಡ ನಾಯಿಯ ಕಸುಬು ಹೋಯಿತು, ಗುಣ ಮಾತ್ರ ಉಳಿಯಿತು. ತೋಟದ ವಸ್ತಿಯಲ್ಲಿ ಸರಪಳಿಗೆ ಬಿದ್ದ ಓಟದ ನಾಯಿ ಬೈಕಿನ ಹಿಂದೆ ಓಡಿದರೆ, ಕೋಳಿ ಕಂಡಾಗ ಕರೆದರೂ ಬಾರದಿದ್ದರೆ ಅದನ್ನು ಹಟಮಾರಿತನ ಎನ್ನಲಾಗದು. ಈ ಸೀಮೆಯಲ್ಲಿ ತರಬೇತಿಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಕಲಿಕೆಯ ವಿಜ್ಞಾನ

ರಷ್ಯಾದ ಇವಾನ್ ಪಾವ್ಲೊವ್ ಜೀರ್ಣಕ್ರಿಯೆಯ ಸಂಶೋಧನೆಗೆ 1904ರಲ್ಲಿ ನೊಬೆಲ್ ಪಡೆದರು. ಊಟದ ಮುನ್ಸೂಚನೆ ಸಿಕ್ಕರೆ ಸಾಕು, ನಾಯಿಯ ಬಾಯಲ್ಲಿ ಜೊಲ್ಲೂರುತ್ತದೆ ಎಂಬ ಅವರ ಕಾಣ್ಕೆ ಕಲಿಕೆಯ ಅಧ್ಯಯನಕ್ಕೆ ತಳಹದಿಯಾಯಿತು. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು, ತೃಪ್ತಿ ತಂದ ವರ್ತನೆ ಮರುಕಳಿಸುತ್ತದೆಂದು ತೋರಿಸಿದರು. ಬಿ.ಎಫ್. ಸ್ಕಿನ್ನರ್ 1938ರ ಗ್ರಂಥದಲ್ಲಿ ಇದನ್ನು ವ್ಯವಸ್ಥಿತ ಶಾಸ್ತ್ರವಾಗಿಸಿ, 1951ರಲ್ಲಿ ಪ್ರಾಣಿಗಳಿಗೆ ಕಲಿಸುವ ಬಗೆಯನ್ನು ಜನಸಾಮಾನ್ಯರಿಗೂ ತಿಳಿಯುವಂತೆ ಬರೆದರು.

ನಾಯಿಸಾಕಣೆಯ ಲೋಕ ಆಗ ಬೇರೆ ದಾರಿಯಲ್ಲಿತ್ತು. ಜರ್ಮನಿಯ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ಕೈಪಿಡಿಯಿಂದ ಹಗ್ಗ ಜಗ್ಗುವ, ಒತ್ತಾಯದಿಂದ ಪಳಗಿಸುವ ಪದ್ಧತಿ ಪೊಲೀಸ್ ಮತ್ತು ಸೇನಾ ಪಡೆಗಳಲ್ಲಿ ಹರಡಿತು. ಸ್ಕಿನ್ನರ್ ಶಿಷ್ಯರಾದ ಕೆಲ್ಲರ್ ಮತ್ತು ಮೇರಿಯನ್ ಬ್ರೆಲಂಡ್ ದಂಪತಿ 1940ರ ದಶಕದಲ್ಲಿ ತಿನಿಸು ಮತ್ತು ಸದ್ದಿನ ಸಂಕೇತದಿಂದಲೇ ಹತ್ತಾರು ಬಗೆಯ ಪ್ರಾಣಿಗಳಿಗೆ ಕಲಿಸಿ ಇನ್ನೊಂದು ದಾರಿ ತೆರೆದರು. 1961ರಲ್ಲಿ ಅವರೇ ಒಂದು ಎಚ್ಚರಿಕೆಯನ್ನೂ ಕೊಟ್ಟರು: ಎಷ್ಟೇ ಕಲಿಸಿದರೂ ಪ್ರಾಣಿ ತನ್ನ ಹುಟ್ಟುಗುಣದ ಕಡೆಗೆ ವಾಲುತ್ತದೆ. ಮುಧೋಳ ನಾಯಿಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಅದಕ್ಕೆ ಬೆನ್ನಟ್ಟುವುದೇ ದೊಡ್ಡ ಬಹುಮಾನ. ಡಾಲ್ಫಿನ್‌ಗಳ ತರಬೇತಿಯಿಂದ ಬಂದ ಕ್ಯಾರೆನ್ ಪ್ರಯರ್ 1984ರ ಪುಸ್ತಕದ ಮೂಲಕ ಬಹುಮಾನದ ಪದ್ಧತಿಯನ್ನು ಮನೆಮನೆಗೆ ಮುಟ್ಟಿಸಿದರು.

ಯಜಮಾನಿಕೆಯ ವಾದ ಮತ್ತು ಅದರ ಪತನ

ನಾಯಿ ತೋಳದ ವಂಶದ್ದು, ಒಡೆಯ ಹಿಂಡಿನ ಯಜಮಾನನಂತೆ ಅದನ್ನು ಮಣಿಸಿಡಬೇಕು ಎಂಬ ನಂಬಿಕೆ ಇಂದಿಗೂ ಬಳಕೆಯಲ್ಲಿದೆ. ಇದರ ಬೇರು ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ, ಸೆರೆಯಲ್ಲಿದ್ದ ತೋಳಗಳ ಅಧ್ಯಯನದಲ್ಲಿದೆ. ಡೇವಿಡ್ ಮೆಕ್ 1970ರ ತಮ್ಮ ಗ್ರಂಥದಲ್ಲಿ ಈ ವಾದಕ್ಕೆ ಪ್ರಚಾರ ಕೊಟ್ಟರು. ಅನಂತರ ಕಾಡಿನ ತೋಳಗಳನ್ನು ವರ್ಷಗಟ್ಟಲೆ ಕಂಡು, 1999ರಲ್ಲಿ ತಾವೇ ಅದನ್ನು ತಿದ್ದಿದರು: ಸಹಜ ತೋಳಹಿಂಡು ತಾಯಿ, ತಂದೆ, ಮರಿಗಳ ಕುಟುಂಬ, ಅಲ್ಲಿ ನಾಯಕತ್ವಕ್ಕಾಗಿ ನಿತ್ಯ ಕಾದಾಟವಿಲ್ಲ. ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವು, ದಂಡನೆಯ ಪದ್ಧತಿಯಲ್ಲಿ ಕಲಿತ ನಾಯಿಗಳಲ್ಲಿ ಒತ್ತಡದ ಲಕ್ಷಣಗಳು ಹೆಚ್ಚೆಂದು ತೋರಿಸಿತು. ಮರುವರ್ಷ ಅಮೆರಿಕದ ಪಶುವೈದ್ಯ ವರ್ತನಾಶಾಸ್ತ್ರಜ್ಞರ ಸಂಘ ಬಹುಮಾನದ ಪದ್ಧತಿಯನ್ನೇ ಶಿಫಾರಸು ಮಾಡಿತು.

ನಾಯಿಯ ಮಾತು

ಕನ್ನಡಿಗರು ನಾಯಿಯೊಡನೆ ಆಡುವ ಭಾಷೆ ಚಿಕ್ಕದು: ಕರೆಯಲು ‘ಕುರ್ ಕುರ್’, ಬಿಡಲು ‘ಛೂ’, ಅಟ್ಟಲು ‘ಹಚಾ’. ನಾಯಿ ನಮ್ಮೊಡನೆ ಆಡುವ ಭಾಷೆ ಇದಕ್ಕಿಂತ ದೊಡ್ಡದು, ಅದು ಮೈಯೆಲ್ಲ ಹರಡಿದೆ. ನಿದ್ದೆಯಿಲ್ಲದ ಆಕಳಿಕೆ, ತುಟಿ ನೆಕ್ಕುವಿಕೆ, ಮುಖ ಪಕ್ಕಕ್ಕೆ ತಿರುಗಿಸುವುದು, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುವುದು, ಇವು ಕಸಿವಿಸಿಯ ಗುರುತುಗಳು. ಬಾಲ ಆಡಿಸಿದ ಮಾತ್ರಕ್ಕೆ ಸ್ನೇಹವಲ್ಲ. ಮೈ ಬಿಗಿಯಾಗಿ ಬಾಲ ನೆಟ್ಟಗಾಗಿದ್ದರೆ ಅದು ಎಚ್ಚರಿಕೆ. ಗುರುಗುಟ್ಟುವ ನಾಯಿಯನ್ನು ಬಡಿದರೆ ಗುರುಗುಟ್ಟುವುದು ನಿಲ್ಲಬಹುದು, ಭಯ ನಿಲ್ಲುವುದಿಲ್ಲ. ಮುಂದೆ ಅದು ಸುಳಿವು ಕೊಡದೆ ಕಚ್ಚಬಹುದು.

ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮರಿಗೆ 3ರಿಂದ 12 ವಾರಗಳ ಅವಧಿ ನಿರ್ಣಾಯಕ. ಆಗ ಮಕ್ಕಳು, ವಾಹನ, ಎತ್ತು, ಕೋಳಿಗಳ ಪರಿಚಯ ಹಿತವಾಗಿ ಆದರೆ ಮುಂದಿನ ಅಂಜಿಕೆ ತಗ್ಗುತ್ತದೆ. ಅಪರಿಚಿತರು ಮುಟ್ಟಿದರೆ ಸೈರಿಸದ ಮುಧೋಳ ತಳಿಗೆ ಇದು ಇನ್ನೂ ಮುಖ್ಯ. ಕೋಲ್ಕತ್ತದ ಐಸರ್ ಸಂಸ್ಥೆಯ ಅನಿಂದಿತಾ ಭದ್ರಾ ಅವರ ತಂಡ ಭಾರತದ ಬೀದಿನಾಯಿಗಳನ್ನು ಅಧ್ಯಯನ ಮಾಡಿದೆ. ಅಪರಿಚಿತರ ಮೇಲೆ ನಂಬಿಕೆ ಬೆಳೆಸಿಕೊಳ್ಳಲು ಅವಕ್ಕೆ ತಿನಿಸಿಗಿಂತ ಮೈದಡವುವಿಕೆ ಹೆಚ್ಚು ನೆರವಾಗುತ್ತದೆಂದು ಆ ತಂಡ ಕಂಡುಕೊಂಡಿತು.

ತರಬೇತಿಯ ಕ್ರಮ

ಮೊದಲ ನಿಯಮ ಹೊತ್ತಿನದು. ನಾಯಿ ಕುಳಿತ ಕ್ಷಣದಲ್ಲೇ ಒಂದು ಗುರುತಿನ ಸದ್ದು, ಬೆನ್ನಿಗೇ ತಿನಿಸು ಸಿಗಬೇಕು. ತಡವಾದರೆ ನಾಯಿ ಬೇರಾವುದಕ್ಕೋ ಬಹುಮಾನ ಬಂತೆಂದು ತಿಳಿಯುತ್ತದೆ. ಎರಡನೆಯದು ಮೆಟ್ಟಿಲು: ಕರೆದರೆ ಬರುವುದನ್ನು ಮೊದಲು ಮನೆಯೊಳಗೆ, ಆಮೇಲೆ ಅಂಗಳದಲ್ಲಿ, ಕೊನೆಗೆ ಉದ್ದ ಹಗ್ಗ ಕಟ್ಟಿ ಹೊಲದಲ್ಲಿ ಕಲಿಸಬೇಕು. ಜೋಳದ ರೊಟ್ಟಿಯ ಚೂರು ಮನೆಯೊಳಗೆ ಸಾಕು. ಮೊಲ ಓಡುವ ಹೊಲದಲ್ಲಿ ಬೇಯಿಸಿದ ಮೊಟ್ಟೆಯೋ ಮಾಂಸದ ತುಣುಕೋ ಬೇಕು. ಮೂರನೆಯದು ಹುಟ್ಟುಗುಣಕ್ಕೆ ದಾರಿ: ಬೇಲಿ ಹಾಕಿದ ಜಾಗದಲ್ಲಿ ದಿನವೂ ಓಡಲು ಬಿಟ್ಟ, ಹಗ್ಗಕ್ಕೆ ಕಟ್ಟಿದ ಬಟ್ಟೆಯನ್ನು ಬೆನ್ನಟ್ಟಲು ಬಿಟ್ಟ ನಾಯಿ ಮನೆಯಲ್ಲಿ ಶಾಂತವಾಗಿರುತ್ತದೆ.

ಇಂದಿನ ಸ್ಥಿತಿ

2005ರ ಜನವರಿಯಲ್ಲಿ ಅಂಚೆ ಇಲಾಖೆ ಹೊರತಂದ ನಾಲ್ಕು ದೇಶಿ ನಾಯಿಗಳ ಅಂಚೆಚೀಟಿಗಳಲ್ಲಿ ಮುಧೋಳವೂ ಒಂದು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ತಳಿಯ ಶುದ್ಧತೆ ಕಾಯುತ್ತಿದೆ. 2016ರಲ್ಲಿ ಇಲ್ಲಿನ ಮರಿಗಳು ಸೇನೆಯ ತರಬೇತಿಗೆಂದು ಮೀರತ್ತಿಗೆ ಹೋದವು. ಕಣ್ಣಿನ ನಾಯಿ ಮೂಗಿನ ಕೆಲಸ ಕಲಿಯಲಾರದೆಂಬ ಸಂಶಯಕ್ಕೆ ಉತ್ತರ 2024ರಲ್ಲಿ ಸಿಕ್ಕಿತು. ಲಖನೌದ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ಗಡಿ ಭದ್ರತಾ ಪಡೆಯ ‘ರಿಯಾ’ ಎಂಬ ಮುಧೋಳ ನಾಯಿ ಜಾಡು ಹಿಡಿಯುವ ವಿಭಾಗದಲ್ಲೂ ಇಡೀ ಕೂಟದಲ್ಲೂ ಅತ್ಯುತ್ತಮ ಶ್ವಾನವೆನಿಸಿತು.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ನಾಯಿಯನ್ನು ಬಡಿಯುವುದೂ, ತೀರ ಗಿಡ್ಡ ಸರಪಳಿಯಲ್ಲಿ ಬಹುಹೊತ್ತು ಕಟ್ಟಿಹಾಕುವುದೂ ಅಪರಾಧ. ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಪಡೆಯಬೇಕು.

ಓಟ, ನೋಟ, ನಿಷ್ಠೆ ಮುಧೋಳ ನಾಯಿಗೆ ರಕ್ತದಲ್ಲೇ ಬಂದಿವೆ. ಅದು ನಮ್ಮಿಂದ ಕಲಿಯಬೇಕಾದದ್ದು ನಮ್ಮ ಜೊತೆ ಬಾಳುವ ರೀತಿಯನ್ನಷ್ಟೇ. ಅದನ್ನು ಕೋಲಿಲ್ಲದೆ, ಒಂದು ತುಣುಕು ರೊಟ್ಟಿ ಮತ್ತು ತಾಳ್ಮೆಯಿಂದ ಕಲಿಸಬಹುದೆಂದು ನೂರು ವರ್ಷಗಳ ವಿಜ್ಞಾನ ತೋರಿಸಿಕೊಟ್ಟಿದೆ. ಕಾಳಿಗೆ ಕಲ್ಲು ನಿಲ್ಲಿಸಿದ ನಾಡಿನವರು ಆ ದಾರಿಯನ್ನು ಹಿಡಿಯಬೇಕು.