ಮುಚ್ಚಿದ ಬಾಗಿಲು, ತುಂಬಿದ ಹೊಳೆ

ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಭಂಡಾರಕವಠೆ ಭೀಮಾ ದಂಡೆಯ ಊರು. ಈಚೆ ಮಹಾರಾಷ್ಟ್ರ, ಹೊಳೆ ದಾಟಿದರೆ ಕರ್ನಾಟಕದ ವಿಜಯಪುರ ಜಿಲ್ಲೆ. ಎರಡೂ ದಂಡೆಯಲ್ಲಿ ಕನ್ನಡದ ಮನೆಗಳು. ಹೆಣ್ಣು ಕೊಡುವುದು, ತರುವುದು ಗಡಿಗೆರೆಯನ್ನು ಕೇಳಿ ನಡೆಯುವುದಿಲ್ಲ. ಶ್ರಾವಣ ಬಂದು ನಾಗರಪಂಚಮಿ ನಾಲ್ಕು ದಿನ ಇದೆ ಅನ್ನುವಾಗ ಈ ಸೀಮೆಯ ಸೊಸೆಯಂದಿರ ಕಣ್ಣು ದಾರಿಯ ಕಡೆಗೆ ಹೊರಳುತ್ತದೆ. ಅಣ್ಣನೋ ತಮ್ಮನೋ ಕರೆಯಲು ಬರಬೇಕು, ತವರಿಗೆ ಹೋಗಿ ಉಂಡಿ ತಿನ್ನಬೇಕು, ಮರಕ್ಕೆ ಹಗ್ಗ ಕಟ್ಟಿದ ಜೋಕಾಲಿ ಜೀಕಬೇಕು. ಅದೇ ಹೊತ್ತಿಗೆ ಮೇಲೆ ಉಜನಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ಭೀಮೆ ಎರಡೂ ದಂಡೆ ಹಿಡಿದು ಹರಿಯುತ್ತಾಳೆ. ಅತ್ತ ಅಣ್ಣ, ಇತ್ತ ತಂಗಿ, ನಡುವೆ ಕೆಂಪು ನೀರು. ಉತ್ತರ ಕರ್ನಾಟಕದ ಬೀಸುವ ಪದಗಳಲ್ಲಿ, ಪಂಚಮಿ ಹಾಡುಗಳಲ್ಲಿ ಈ ಕಾಯುವಿಕೆ ತಲೆಮಾರುಗಳಿಂದ ಹಾಡಾಗುತ್ತ ಬಂದಿದೆ.

ಕನ್ನಡದ ಕತೆ, ಕಾದಂಬರಿಗಳಲ್ಲಿ ಬಂಧನವೂ ಬಿಡುಗಡೆಯ ಹಂಬಲವೂ ಬೆಳೆದು ಬಂದ ಬಗೆಯನ್ನು ನೋಡಲು ಈ ದಂಡೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಫ್ರಾನ್ಸಿನ ಡ್ಯೂಮಾ ಬರೆದ ಮಾಂಟೆಕ್ರಿಸ್ಟೋ ಕಾದಂಬರಿಯ ನಾಯಕ ಸಮುದ್ರದ ನಡುವಿನ ಸೆರೆಮನೆಯಿಂದ ತಪ್ಪಿಸಿಕೊಳ್ಳುತ್ತಾನೆ. ಅಲ್ಲಿ ಕೈದಿ ಯಾರು, ಕಾವಲುಗಾರ ಯಾರು ಎಂಬುದು ಗೋಡೆಯಷ್ಟೇ ಸ್ಪಷ್ಟ. ಕನ್ನಡದಲ್ಲಿ ಅಂಥ ಸೆರೆಮನೆಗಳು ಕಡಿಮೆ. ಇಲ್ಲಿ ಕೀಲಿಕೈ ಅಪ್ಪನ ಉಡಿದಾರದಲ್ಲಿರುತ್ತದೆ, ಅತ್ತೆಯ ಸೆರಗಿನ ಗಂಟಿನಲ್ಲಿರುತ್ತದೆ. ಕಾಯುವವರು ಕರುಳುಬಳ್ಳಿಯವರೇ. ಇಬ್ಸೆನ್ನನ 1879ರ ನಾಟಕದಲ್ಲಿ ನೋರಾ ಮನೆಯ ಬಾಗಿಲೆಳೆದುಕೊಂಡು ಹೊರಟೇಬಿಡುತ್ತಾಳೆ. ಎಲ್ಲಿಗೆ ಎಂಬುದನ್ನು ನಾಟಕ ಹೇಳುವುದಿಲ್ಲ. ಕನ್ನಡದ ಹೆಣ್ಣಿಗೆ ಹೊಸ್ತಿಲು ದಾಟುವ ಮೊದಲೇ ಎದುರಾಗುವ ಪ್ರಶ್ನೆ ಅದೇ: ಎಲ್ಲಿಗೆ?

ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಈ ಪ್ರಶ್ನೆಗೆ ಧೈರ್ಯದ ಉತ್ತರ ಕೊಟ್ಟಿತು. ಎಳೆಯ ವಿಧವೆ ಇಂದಿರೆ ತಾಯಿತಂದೆಯ ಮನೆಬಿಟ್ಟು ಹೊರಬೀಳುತ್ತಾಳೆ, ಅಮೃತರಾಯರ ಆಶ್ರಯದಲ್ಲಿ ಓದುತ್ತಾಳೆ, ವಿಲಾಯತಿಗೆ ಹೋಗಿಬಂದ ಭಾಸ್ಕರನನ್ನು ಮದುವೆಯಾಗುತ್ತಾಳೆ. ಓದು, ಮರುಮದುವೆ ಇವೆರಡು ಕೀಲಿ ಸಿಕ್ಕರೆ ಬಾಗಿಲು ತೆರೆಯುತ್ತದೆ ಎಂಬ ನಂಬಿಕೆ ಆ ಹೊತ್ತಿನದು. ಆಗ ಅದನ್ನು ಬರೆಯಲು ಗಟ್ಟಿ ಎದೆ ಬೇಕಿತ್ತು. ಸ್ವತಃ ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿ, ‘ಸುಶೀಲೆ’ಯಿಂದ ಮೊದಲ್ಗೊಂಡು ಒಂದರ ಹಿಂದೊಂದು ಪುಸ್ತಕ ತಂದರು. ಅವರ ನಾಯಕಿಯರು ಸಂಪ್ರದಾಯದ ಚೌಕಟ್ಟು ಮುರಿಯಲಿಲ್ಲ ನಿಜ. ಆದರೆ ಮಾತೇ ಆಡಬಾರದೆಂದು ಮೂಲೆಗೆ ಕೂರಿಸಿದ ಹೆಣ್ಣೊಬ್ಬಳು ಪ್ರಕಾಶಕಿಯೂ ಆದದ್ದು ಅವರ ಯಾವ ಕಾದಂಬರಿಗಿಂತಲೂ ದೊಡ್ಡ ಬಿಡುಗಡೆಯ ಕತೆ.

ಮನೆಯಿಂದ ಹೊಲಕ್ಕೆ ಬಂದರೆ ಅಲ್ಲಿ ಚೋಮ ನಿಂತಿದ್ದಾನೆ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಸಂಕಪ್ಪಯ್ಯನ ಜೀತದಾಳಿನ ಕತೆ. ಅವನಿಗೆ ಬೇಕಾದದ್ದು ಉಳಲು ಒಂದು ತುಂಡು ನೆಲ. ಎತ್ತುಗಳಿವೆ, ನೆಲವಿಲ್ಲ. ಕಾಫಿ ತೋಟದ ಸಾಲ ಒಬ್ಬ ಮಗನನ್ನು ನುಂಗುತ್ತದೆ, ಮಗಳು ಬೆಳ್ಳಿಯ ಮೈಯನ್ನೇ ಬಡ್ಡಿಯಾಗಿ ಕೇಳುತ್ತದೆ. ಕೊನೆಯಲ್ಲಿ ಚೋಮ ಸಾಕಿದ ಎತ್ತುಗಳನ್ನು ಬಿಟ್ಟೋಡಿಸಿ, ನೇಗಿಲು ಮುರಿದು, ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತ ಸಾಯುತ್ತಾನೆ. ಬಿಡುಗಡೆ ಸಿಕ್ಕದ್ದು ಎತ್ತುಗಳಿಗೆ ಮಾತ್ರ. ಇಂದಿರೆಗೆ ತೆರೆದ ಬಾಗಿಲು ಚೋಮನಿಗೇಕೆ ತೆರೆಯಲಿಲ್ಲ ಎಂದು ಓದುಗ ಕೇಳಿಕೊಂಡ ದಿನ ಕನ್ನಡ ಕಾದಂಬರಿಗೆ ವಯಸ್ಸು ಬಂತು ಎನ್ನಬೇಕು. ಬಿ.ವಿ. ಕಾರಂತರು 1975ರಲ್ಲಿ ಇದನ್ನು ಸಿನಿಮಾ ಮಾಡಿದಾಗ ಆ ದುಡಿಯ ಸದ್ದು ಓದು ಬಾರದವರ ಕಿವಿಗೂ ಮುಟ್ಟಿತು.

ನಿಜವಾದ ಜೈಲಿನ, ನೇಣಿನ ಕತೆ ಬಂದದ್ದು ಇನ್ನೊಂದು ಗಡಿಯಿಂದ. ಆಗ ಕಾಸರಗೋಡು ತಾಲ್ಲೂಕಿಗೆ ಸೇರಿದ್ದ ಕಯ್ಯೂರಿನ ನಾಲ್ವರು ರೈತ ಹೋರಾಟಗಾರರನ್ನು ಬ್ರಿಟಿಷರು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನೇಣಿಗೇರಿಸಿದರು. ನಿರಂಜನರ ‘ಚಿರಸ್ಮರಣೆ’ (1955) ಅದನ್ನು ಆಧರಿಸಿದೆ. ಸೊಲ್ಲಾಪುರದವರು ಈ ಕಾದಂಬರಿ ಓದುವಾಗ ತಮ್ಮೂರಿನ ನಾಲ್ವರು ನೆನಪಾಗದೆ ಇರರು. 1930ರ ಮಾರ್ಷಲ್ ಲಾ ದಿನಗಳ ನಂತರ ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ಅವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಊರಿನ ನಡುವಿನ ಚೌಕದಲ್ಲಿ ಆ ನಾಲ್ವರೂ ಪ್ರತಿಮೆಗಳಾಗಿ ನಿಂತಿದ್ದಾರೆ.

ಸ್ವಾತಂತ್ರ್ಯ ಬಂದ ಮೇಲಿನ ಕತೆಗಾರರಿಗೆ ಬೇಲಿ ಒಳಗೆ, ಮನಸ್ಸಿನಲ್ಲಿ ಕಂಡಿತು. ಶಾಂತಿನಾಥ ದೇಸಾಯಿಯವರು ತಮ್ಮ 1961ರ ಕಾದಂಬರಿಗೆ ‘ಮುಕ್ತಿ’ ಎಂದೇ ಹೆಸರಿಟ್ಟರು. ಮುಂದೆ ಬಹುಕಾಲ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು ಅವರು. ಯಶವಂತ ಚಿತ್ತಾಲರು ಮುಂಬಯಿಯಲ್ಲಿದ್ದು ಬರೆದ ‘ಶಿಕಾರಿ’ (1979) ಈ ಸಾಲಿನ ದೊಡ್ಡ ಕೃತಿ. ಕಂಪನಿಯ ಅಧಿಕಾರಿ ನಾಗಪ್ಪನಿಗೆ ಅಮಾನತಿನ ಪತ್ರ ಬರುತ್ತದೆ. ತನ್ನನ್ನು ಬೇಟೆಯಾಡುತ್ತಿರುವವರು ಯಾರು, ಯಾಕೆ ಎಂದು ಹುಡುಕುತ್ತ ಅವನು ತನ್ನ ಬಾಲ್ಯದ ಭಯಗಳವರೆಗೂ ಹೋಗಬೇಕಾಗುತ್ತದೆ. ಅದೇ ಮುಂಬಯಿಯಲ್ಲಿ ಜಯಂತ ಕಾಯ್ಕಿಣಿಯವರ ‘ದಗಡೂ ಪರಬನ ಅಶ್ವಮೇಧ’ದ ಮದುಮಗ ಕೂತ ಕುದುರೆ ಮೆರವಣಿಗೆಯಿಂದ ಕಿತ್ತುಕೊಂಡು ಓಡುತ್ತದೆ. ಅವನು ತಪ್ಪಿಸಿಕೊಳ್ಳಬೇಕೆಂದು ಹೊರಟವನಲ್ಲ. ಆದರೂ ಓಡುವ ಕುದುರೆಯ ಬೆನ್ನ ಮೇಲೆ ಅವನಿಗೆ ಬೇರೊಂದು ಬದುಕಿನ ಗಾಳಿ ತಾಗುತ್ತದೆ.

ಓಡಿಹೋಗುವವರ ಮಹಾಕಾದಂಬರಿ ಎಂದರೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967). ಒಡೆಯರು ಗೊತ್ತುಮಾಡಿದ ಮದುವೆ ತಪ್ಪಿಸಿ ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೋಗುತ್ತಾನೆ. ಮದುವೆಯ ಹಿಂದಿನ ರಾತ್ರಿ ಚಿನ್ನಮ್ಮ ಒಬ್ಬಳೇ ಕತ್ತಲ ಕಾಡಿಗೆ ಇಳಿಯುತ್ತಾಳೆ. ಕೊನೆಗೆ ಗುತ್ತಿ, ತಿಮ್ಮಿ ನೆರೆ ಬಂದ ತುಂಗೆಯನ್ನು ದೋಣಿಯಲ್ಲಿ ದಾಟುವಾಗ, ಹಿಂದೆ ಈಜಿ ಬಂದ ನಾಯಿ ಹುಲಿಯನನ್ನು ಹೊಳೆ ಎಳೆದೊಯ್ಯುತ್ತದೆ. ಆ ಪುಟ ಓದಿದವರು ಮರೆಯುವುದಿಲ್ಲ. ಜೀವದ ಜೊತೆಗಾರನನ್ನು ಹೊಳೆಗೆ ಕೊಟ್ಟು ದಕ್ಕಿಸಿಕೊಂಡ ದಡ ಅದು.

ಹೆಂಗಸರು ಬರೆಯತೊಡಗಿದ ಮೇಲೆ ದೂರದಿಂದ ಕಾಣುತ್ತಿದ್ದ ಮನೆ ಒಳಗಿನಿಂದ ಕಾಣಿಸಿತು. ತ್ರಿವೇಣಿಯವರ ‘ಶರಪಂಜರ’ದ ಕಾವೇರಿಗೆ ಬಾಣಂತನದ ನಂತರ ಮನಸ್ಸಿನ ಕಾಯಿಲೆಯಾಗಿ ಆಸ್ಪತ್ರೆಯಲ್ಲಿ ಗುಣವಾಗುತ್ತದೆ, ಆದರೆ ಮನೆಗೆ ಬಂದಾಗ ಗಂಡನೂ ನೆರೆಹೊರೆಯೂ ನೋಡುವ ನೋಟವೇ ಅವಳ ಸುತ್ತ ಪಂಜರ ಹೆಣೆಯುತ್ತದೆ. ಪುಟ್ಟಣ್ಣ ಕಣಗಾಲರ 1971ರ ಸಿನಿಮಾದಿಂದ ಈ ಕತೆ ಮನೆಮಾತಾಯಿತು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಇನ್ನೂ ಆಳಕ್ಕೆ ಇಳಿಯುತ್ತದೆ. ಬಾಲ್ಯದಲ್ಲೇ ತಾಳಿ ಕಳೆದುಕೊಂಡು, ತಲೆ ಬೋಳಿಸಿಕೊಂಡು, ನೂರು ದಾಟುವವರೆಗೂ ಬದುಕಿದ ಫಣಿಯಮ್ಮ ಎಲ್ಲಿಗೂ ಓಡಿಹೋಗುವುದಿಲ್ಲ. ಆದರೆ ಅದೇ ಮನೆತನದ ಎಳೆಯ ವಿಧವೆ ದಾಕ್ಷಾಯಿಣಿ ತಲೆಗೂದಲು ಕೊಡುವುದಿಲ್ಲ ಎಂದು ಹಟ ಹಿಡಿದಾಗ, ಜೀವಮಾನವಿಡೀ ಕತ್ತಿಗೆ ತಲೆಯೊಡ್ಡಿದ ಈ ಮುದುಕಿ ನಿಲ್ಲುವುದು ಹುಡುಗಿಯ ಪಕ್ಕದಲ್ಲಿ. ತನಗೆ ಸಿಗದ ಬಿಡುಗಡೆಯನ್ನು ಇನ್ನೊಬ್ಬಳಿಗೆ ಕೊಡಿಸುವ ಈ ಗಳಿಗೆ ‘ಇಂದಿರಾಬಾಯಿ’ಯ ಮದುವೆಗಿಂತ ಎತ್ತರದ್ದು.

ವೀಣಾ ಶಾಂತೇಶ್ವರ ಅವರು ಧಾರವಾಡದಿಂದ ನೌಕರಿ ಮಾಡುವ, ಒಂಟಿಯಾಗಿ ಇರುವ ಹೆಂಗಸರ ಕತೆ ಬರೆದರು. ಸಂಬಳ ಕೈಗೆ ಬಂದರೂ ಕಟ್ಟು ಬಿಚ್ಚಲಿಲ್ಲ ಎಂಬುದನ್ನು ಅಷ್ಟು ಮುಚ್ಚುಮರೆಯಿಲ್ಲದೆ ಹೇಳಿದವರು ಆಗ ಕಡಿಮೆ. ವೈದೇಹಿಯವರ ‘ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು’ ಕತೆಯಲ್ಲಿ ಊರಿಗೆ ಬಂದ ಟಾಕೀಸೇ ಹೆಂಗಸರಿಗೆ ಕಿಟಕಿ. ಚಂದ್ರಶೇಖರ ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ಯಲ್ಲಿ ಆಳು ಶೀನಿಂಗವ್ವ ತನ್ನ ಒಡತಿಯ ಕತೆ ಹೇಳುತ್ತಾಳೆ. ಸೊಲ್ಲಾಪುರ, ವಿಜಯಪುರ ಸೀಮೆಯ ಹಳ್ಳಿಗಳಲ್ಲಿ ವಾಡೆ ಎಂದರೆ ಏನೆಂದು ಬಲ್ಲವರಿಗೆ ಆ ಅರಮನೆಯನ್ನು ಬಿಡಿಸಿ ಹೇಳಬೇಕಿಲ್ಲ. ಎತ್ತರದ ಗೋಡೆ, ಆನೆಯಂಥ ಬಾಗಿಲು, ಆ ದೊಡ್ಡ ಬಾಗಿಲಲ್ಲೇ ಕೊರೆದ ದಿಂಡಿ ಬಾಗಿಲು. ತಲೆ ಬಗ್ಗಿಸದೆ ಅದರೊಳಗೆ ಹೋಗಲಾಗದು, ಹೊರಬರಲೂ ಆಗದು.

ಕಲಬುರಗಿಯ ಗೀತಾ ನಾಗಭೂಷಣ ಆ ವಾಡೆಯ ಹೊರಗಿನ ಕೇರಿಯನ್ನು ಕಾದಂಬರಿಗೆ ತಂದರು. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ ‘ಬದುಕು’ ಕಲಬುರಗಿ ಮಾತಿನಲ್ಲಿದೆ. ಅಕ್ಕಲಕೋಟೆಯ ಓದುಗರಿಗೆ ಅದು ಸಂತೆಯಲ್ಲಿ ಕೇಳುವ ಮಾತೇ. ಇನ್ನು ಇದೇ ಅಕ್ಕಲಕೋಟೆ ತಾಲ್ಲೂಕಿನ ಹನ್ನೂರಿನಲ್ಲಿ 1956ರಲ್ಲಿ ಹುಟ್ಟಿದ ಶರಣಕುಮಾರ ಲಿಂಬಾಳೆ ಮರಾಠಿಯಲ್ಲಿ ‘ಅಕ್ಕರಮಾಶಿ’ (1984) ಬರೆದರು. ಕಾದಂಬರಿಯಲ್ಲ, ಆತ್ಮಕಥೆ. ಆದರೆ ಈ ನೆಲದ ಬಂಧನದ ಕತೆ ಹೇಳುವಾಗ ಅದನ್ನು ಬಿಟ್ಟರೆ ಲೇಖನವೇ ಸುಳ್ಳಾಗುತ್ತದೆ. ತಾಯಿ ಮಹಾರ ಕೇರಿಯವಳು, ತಂದೆ ಲಿಂಗಾಯತ ಪಾಟೀಲ, ಸಾಕಿದ ಅಜ್ಜಿಯ ಜೊತೆಗಿದ್ದ ದಾದಾ ಮುಸಲ್ಮಾನ. ಶಾಲೆಯಲ್ಲಿ ತಂದೆಯ ಹೆಸರು ಬರೆಸಬೇಕಾದಾಗ, ಅರ್ಜಿಗೆ ಜಾತಿ ಹೇಳಬೇಕಾದಾಗ ಆ ಹುಡುಗನ ಎದುರು ಖಾಲಿ ಜಾಗವೊಂದು ಬಾಯಿ ತೆರೆದು ನಿಲ್ಲುತ್ತದೆ. ಚೋಮನನ್ನು ಕಟ್ಟಿದ್ದು ಸಾಲ. ಈ ಹುಡುಗನನ್ನು ಕಟ್ಟಿದ್ದು ಕಾಗದದ ಮೇಲಿನ ಆ ಖಾಲಿ ಗೆರೆ. ಲಿಂಬಾಳೆಯವರು ಮುಂದೆ ಬರೆದ ಕಾದಂಬರಿ ‘ಸನಾತನ’ಕ್ಕೆ 2020ನೇ ಸಾಲಿನ ಸರಸ್ವತಿ ಸಮ್ಮಾನ್ ಬಂದಿತು.

ಮತ್ತೆ ಹೊಳೆಯ ಮಾತಿಗೆ ಬಂದರೆ, ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾಸರಗೋಡಿನ ನದಿದಂಡೆಯ ಕತೆ. ಮೊದಲು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಅಳಿಯನ ಮೇಲಿನ ಸಿಟ್ಟಿಗೆ ತಂದೆಯೇ ಮಗಳು ನಾದಿರಾಳ ತಲಾಖ್ ಮಾಡಿಸುತ್ತಾನೆ. ಅವಳಿಗೆ ಗಂಡ ಬೇಕು, ಗಂಡನಿಗೂ ಅವಳು ಬೇಕು. ಆದರೆ ಮತ್ತೆ ಒಂದಾಗಬೇಕಾದರೆ ನಡುವೆ ಒಂದು ರಾತ್ರಿಗೆ ಬೇರೊಬ್ಬನ ಹೆಂಡತಿಯಾಗಬೇಕು. ನಾದಿರಾ ಮಸೀದಿಯ ಕೆರೆಗೆ ಇಳಿಯುತ್ತಾಳೆ. ಇಲ್ಲಿ ಮುಚ್ಚಿದ್ದು ಅತ್ತೆಮನೆಯ ಬಾಗಿಲಲ್ಲ. ಸೆರೆ ತವರಲ್ಲೇ ಇತ್ತು. ಪಂಚಮಿಯ ಹಾಡುಗಳು ಯಾವ ಮನೆಯ ಕನಸು ಕಂಡವೋ ಆ ಮನೆಯನ್ನೇ ಕನ್ನಡ ಕಾದಂಬರಿ ಇಷ್ಟು ನೇರವಾಗಿ ಕಟಕಟೆಗೆ ನಿಲ್ಲಿಸಿದ್ದು ಅಪರೂಪ.

ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳ ಇಂಗ್ಲಿಷ್ ಸಂಕಲನ ‘ಹಾರ್ಟ್ ಲ್ಯಾಂಪ್’, ದೀಪಾ ಭಾಸ್ತಿ ಅವರ ಅನುವಾದದಲ್ಲಿ, 2025ರ ಮೇ 20ರಂದು ಅಂತರರಾಷ್ಟ್ರೀಯ ಬೂಕರ್ ಪಡೆಯಿತು. ಸೊಲ್ಲಾಪುರ ಜಿಲ್ಲೆಯ ಕನ್ನಡ ಶಾಲೆಗಳ ಮಕ್ಕಳು ಓದುವುದು ಪುಣೆಯ ಬಾಲಭಾರತಿ ಅಚ್ಚುಹಾಕುವ ಕನ್ನಡ ಪಠ್ಯಗಳನ್ನು. ಸಂಕಲನದ ಶೀರ್ಷಿಕೆಯ ಕತೆ ‘ಎದೆಯ ಹಣತೆ’ಯ ಮೆಹರುನ್ ಆ ಪಠ್ಯಕ್ಕೂ ಒಂದು ದಿನ ಬರಬೇಕು, ಭೀಮೆಯ ದಂಡೆಯ ಹುಡುಗಿಯರಿಗೆ ಅವಳು ಪರಕೀಯಳಲ್ಲ. ಗಂಡ ಬೇರೆ ಹೆಣ್ಣಿನ ಹಿಂದೆ ಹೋದಾಗ ಮೆಹರುನ್ ಕೂಸನ್ನು ಎತ್ತಿಕೊಂಡು ತವರಿನ ಮೆಟ್ಟಿಲು ಹತ್ತುತ್ತಾಳೆ. ಅಣ್ಣಂದಿರು ಅವಳನ್ನು ಹೊರಡಿಸಿಕೊಂಡು ಹೋಗಿ ಮರಳಿ ಗಂಡನ ಮನೆಗೇ ಬಿಡುತ್ತಾರೆ. ಪಂಚಮಿಗೆ ಕರೆಯಲು ಬರುತ್ತಾರಲ್ಲ, ಆ ಅಣ್ಣಂದಿರೇ. ಆ ರಾತ್ರಿ ಅವಳು ಮೈಮೇಲೆ ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಕಡ್ಡಿ ಗೀರುವ ಮೊದಲು ದೊಡ್ಡ ಮಗಳು ಸಲ್ಮಾ, ಎಳೆಗೂಸಿನೊಂದಿಗೆ ಓಡಿಬಂದು ತಾಯಿಯ ಕಾಲು ಹಿಡಿದುಕೊಳ್ಳುತ್ತಾಳೆ.