ಕುದುರೆಯ ಮುದ್ರೆ, ದಫ್ತರದ ಲೆಕ್ಕ

ಸೇನೆಯ ಉಗ್ರಾಣದಲ್ಲಿ ದಾಸ್ತಾನು ನೋಡಿಕೊಂಡು ನಿವೃತ್ತನಾದ ನನ್ನ ಹಳೆಯ ಶಿಷ್ಯನೊಬ್ಬ ಮೊನ್ನೆ ಮನೆಗೆ ಬಂದಿದ್ದ. “ಮೇಷ್ಟ್ರೇ, ಹಿಂದಿನ ಅರಸರ ಕಾಲದಲ್ಲಿ ಪುಸ್ತಕದ ಲೆಕ್ಕಕ್ಕೂ ಲಾಯದ ಲೆಕ್ಕಕ್ಕೂ ತಾಳೆಯಾಗುತ್ತಿತ್ತೇ?” ಎಂದು ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಆ ಕಾಲದ ಸೇನೆಗೆ ಕುದುರೆಯೇ ಬಹು ಬೆಲೆಯ ಯುದ್ಧಸಾಧನ. ಒಂದೇ ಕುದುರೆಯನ್ನು ಎರಡು ಸಲ ತೋರಿಸುವುದು, ಒಳ್ಳೆಯ ಕುದುರೆಯನ್ನು ಮಾರಿ ಬಡಕಲು ತಟ್ಟುವನ್ನು ತಂದು ನಿಲ್ಲಿಸುವುದು ನಡೆದೇ ಇತ್ತು. ಇದನ್ನು ತಡೆಯಲು ಅಲಾವುದ್ದೀನ್ ಖಿಲ್ಜಿ (1296–1316) ಕುದುರೆಗೆ ಕಾಸಿದ ಕಬ್ಬಿಣದ ಮುದ್ರೆ ಹಾಕಿಸಿ, ಸೈನಿಕನ ಚಹರೆಯನ್ನು ದಫ್ತರದಲ್ಲಿ ಬರೆಯಿಸಿದನು. ಮೊದಲನೆಯದು ‘ದಾಗ್’, ಎರಡನೆಯದು ‘ಹುಲಿಯಾ’.

ಫಿರೋಜ್ ಷಾ ತುಘಲಕನ ಕಾಲಕ್ಕೆ ಈ ಬಿಗಿ ಸಡಿಲವಾಯಿತು. ತಪಾಸಣೆಗೆ ಕುದುರೆಯನ್ನು ಒಪ್ಪಿಸಲಾಗದೆ ಕೊರಗುತ್ತಿದ್ದ ಸೈನಿಕನೊಬ್ಬನಿಗೆ, ಗುಮಾಸ್ತನ ಕೈಬೆಚ್ಚಗೆ ಮಾಡಲೆಂದು ಸುಲ್ತಾನನೇ ಒಂದು ಚಿನ್ನದ ಟಂಕವನ್ನು ಕೊಡಿಸಿದನಂತೆ! ಇತಿಹಾಸಕಾರ ಅಫೀಫ್ ಇದನ್ನು ದೊರೆಯ ಕರುಣೆಯೆಂದು ಬರೆದಿದ್ದಾನೆ. ಕರುಣೆಯೇನೋ ಸರಿ, ಆದರೆ ಲೆಕ್ಕದ ಪುಸ್ತಕ ಅಂದೇ ಸತ್ತಿತೆಂದು ನನ್ನ ಅಭಿಪ್ರಾಯ.

1573–74ರಲ್ಲಿ ಅಕ್ಬರನು ಮುದ್ರೆಯ ಪದ್ಧತಿಯನ್ನು ಮತ್ತೆ ಜಾರಿಗೆ ತಂದನು. ಸೈನಿಕನ ತಂದೆಯ ಹೆಸರು, ಊರು, ಮೈಬಣ್ಣ, ಮುಖದ ಮಚ್ಚೆ ಎಲ್ಲವೂ ದಾಖಲಾಗಬೇಕಿತ್ತು. ಅಮೀರರು ಸುಮ್ಮನಿರುವರೇ? ಮನೆಯ ಆಳುಗಳಿಗೆ ಸೈನಿಕರ ಉಡುಪು ತೊಡಿಸಿ ತಪಾಸಣೆಗೆ ಕಳುಹಿಸಿದರು. ನೇಕಾರರೂ ಬಡಗಿಗಳೂ ಬಾಡಿಗೆ ಕುದುರೆಯೇರಿ ಬಂದರು ಎಂದು ಬದಾಯೂನಿ ದೂರುತ್ತಾನೆ. ಅವನಿಗೆ ಅಕ್ಬರನ ಮೇಲೆ ಅಸಮಾಧಾನವಿದ್ದುದರಿಂದ ಅವನ ಮಾತನ್ನು ಸ್ವಲ್ಪ ತಗ್ಗಿಸಿಯೇ ಓದಬೇಕು. ಆದರೂ ಪೂರ್ತಿ ಕಟ್ಟುಕಥೆಯೆನ್ನಲು ನನಗೆ ಮನಸ್ಸಿಲ್ಲ.

ಮುಂದೆ ಷಾಜಹಾನನು ಹಿಡಿದ ದಾರಿ ಬೇರೆ. ಮನ್ಸಬ್‌ದಾರನು ತನ್ನ ಜಾಗೀರಿರುವ ಪ್ರಾಂತದಲ್ಲೇ ಸೇವೆಯಲ್ಲಿದ್ದರೆ ಕಾಗದದ ಸಂಖ್ಯೆಯ ಮೂರರಲ್ಲೊಂದು ಪಾಲು, ಹೊರಗಿದ್ದರೆ ನಾಲ್ಕರಲ್ಲೊಂದು, ದೂರದ ಬಲ್ಖ್ ದಂಡಯಾತ್ರೆಯಲ್ಲಾದರೆ ಐದರಲ್ಲೊಂದು ಪಾಲು ಸವಾರರನ್ನು ತೋರಿಸಿದರೆ ಸಾಕೆಂದು ಗೊತ್ತುಮಾಡಿದನು. ಲಾಯವು ಪುಸ್ತಕದ ಮಟ್ಟಕ್ಕೆ ಏರಲಿಲ್ಲ. ನಿಯಮವೇ ಲಾಯದ ಮಟ್ಟಕ್ಕಿಳಿಯಿತು.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಶಿಷ್ಯ ನಗುತ್ತಿದ್ದ. ಕಾರಣ ನನಗೂ ಗೊತ್ತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಾಲೆಯ ದಾಸ್ತಾನು ಪುಸ್ತಕದಲ್ಲಿ ಒಂದು ಸೂಕ್ಷ್ಮದರ್ಶಕವಿತ್ತು, ಬೀರುವಿನಲ್ಲಿರಲಿಲ್ಲ. ತನಿಖೆಯ ದಿನ ಪಕ್ಕದೂರಿನ ಶಾಲೆಯಿಂದ ಅದನ್ನು ಎರವಲು ತರಿಸಿದೆವು. ‘ಸರಿಯಿದೆ’ ಎಂದು ಬರೆದು ರುಜು ಹಾಕಿದವನು ನಾನೇ. ಅದನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಂದವನು, ಸಂಜೆ ಹಿಂದಕ್ಕೆ ಮುಟ್ಟಿಸಿದವನು, ಎಂಟನೆಯ ತರಗತಿಯಲ್ಲಿದ್ದ ಇದೇ ಹುಡುಗ. “ಅದರಲ್ಲಿ ಒಂದು ಸಲ ಕಣ್ಣಿಟ್ಟು ನೋಡಬೇಕೆಂದಿದ್ದೆ, ಮೇಷ್ಟ್ರೇ, ನೀವು ಬೇಗ ಹೊರಡು ಅಂದಿರಿ” ಎಂದ.