ಅಲಾಸ್ಕದ ಬೇಟೆಯ ಮಾರ್ಗದರ್ಶಿಗಳು : ಪರವಾನಗಿಯಿಂದ ಒಡೆತನಕ್ಕೆ

ವೃತ್ತಿಗಳನ್ನು ಪರವಾನಗಿಯ ಅಂಕೆಗೆ ಒಳಪಡಿಸುವುದು ಆಧುನಿಕ ರಾಜ್ಯದ ಸಾಮಾನ್ಯ ಲಕ್ಷಣಗಳಲ್ಲೊಂದು. ವೈದ್ಯನಿಗೆ ರಾಜ್ಯವು ನೀಡುವ ಪತ್ರ ಅವನು ಚಿಕಿತ್ಸೆ ಮಾಡಲು ಅರ್ಹನೆಂದು ಸಾರುತ್ತದೆಯೇ ಹೊರತು, ಇಂತಿಂತಹ ಕೇರಿಯ ರೋಗಿಗಳೆಲ್ಲರೂ ಅವನೊಬ್ಬನ ಪಾಲಿನವರೆಂದು ಸಾರುವುದಿಲ್ಲ. ಆದರೆ ಅರ್ಹತೆಯ ಪತ್ರವೇ ಕಾಲಕ್ರಮದಲ್ಲಿ ಹಕ್ಕಿನ ಪತ್ರವಾಗಿ ಮಾರ್ಪಟ್ಟ ಉದಾಹರಣೆಗಳು ಇತಿಹಾಸದಲ್ಲಿ ಇಲ್ಲದಿಲ್ಲ. ಅಮೆರಿಕದ ಅಲಾಸ್ಕ ಸಂಸ್ಥಾನದಲ್ಲಿ, ಹಣ ಪಡೆದು ಪರಸ್ಥಳದವರನ್ನು ದೊಡ್ಡ ಮೃಗಗಳ ಬೇಟೆಗೆ ಕರೆದೊಯ್ಯುವ ಮಾರ್ಗದರ್ಶಿಗಳ (ಅಲ್ಲಿನವರ ಮಾತಿನಲ್ಲಿ ‘ಗೈಡು’ಗಳ) ವಿಷಯದಲ್ಲಿ ನಡೆದುದು ಇದೇ. ಇಪ್ಪತ್ತನೆಯ ಶತಮಾನದ ಈ ಪ್ರಸಂಗವನ್ನು ಇಲ್ಲಿ ವಿಚಾರಿಸಲಾಗಿದೆ.

ಗೈಡುಗಳನ್ನು ದಾಖಲೆಗೆ ತರುವ ಪದ್ಧತಿ ಅಲಾಸ್ಕದಲ್ಲಿ ಹುಟ್ಟಿದುದಲ್ಲ. ಸಂಯುಕ್ತ ಸಂಸ್ಥಾನಗಳ ಈಶಾನ್ಯದ ಮೇನ್ ಸಂಸ್ಥಾನವು 1897ರಲ್ಲಿಯೇ ಶಾಸನದ ಮೂಲಕ ಅವರನ್ನು ನೋಂದಾಯಿಸತೊಡಗಿತು. ಅಲ್ಲಿ ಮೊದಲ ಪರವಾನಗಿಯನ್ನು ಪಡೆದವಳು ಕಾರ್ನೀಲಿಯಾ ಕ್ರಾಸ್ಬಿ ಎಂಬ ಮಹಿಳೆ. ಬೇಟೆಯನ್ನು ಪುರುಷರ ಏಕಸ್ವಾಮ್ಯವೆಂದು ಬಗೆದಿದ್ದ ಆ ಕಾಲದಲ್ಲಿ ಇದು ಕುತೂಹಲಕರವಾದ ಸಂಗತಿಯೇ ಸರಿ. ಮೇನ್‌ನಲ್ಲಿ ಸರ್ಕಾರಕ್ಕೆ ಬೇಕಾಗಿದ್ದುದು ಮುಖ್ಯವಾಗಿ ಲೆಕ್ಕ : ಕಾಡಿಗೆ ಯಾರು ಬಂದರು, ಏನನ್ನು ಹೊಡೆದರು, ಯಾರ ಜೊತೆಯಲ್ಲಿ ಬಂದರು ಎಂಬ ವಿವರ.

ರಷ್ಯದಿಂದ 1867ರಲ್ಲಿ 72 ಲಕ್ಷ ಡಾಲರುಗಳಿಗೆ ಕೊಂಡ ಅಲಾಸ್ಕದಲ್ಲಿ ಪರಿಸ್ಥಿತಿ ಬೇರೆ. ಅಪಾರವಾದ ನೆಲ, ಅತ್ಯಲ್ಪ ಜನ, ದೂರದ ವಾಷಿಂಗ್ಟನ್ನಿನಲ್ಲಿ ಕುಳಿತ ಪ್ರಭುತ್ವ. 1902ರಲ್ಲಿ ಅಲಾಸ್ಕದ ಮೃಗಗಳಿಗಾಗಿಯೇ ಒಂದು ಶಾಸನ ಹೊರಟಿತು. 1908ರಲ್ಲಿ ಅದನ್ನು ತಿದ್ದಿದಾಗ, ಹೊರಗಿನಿಂದ ಬರುವ ಅಮೆರಿಕನ್ ಬೇಟೆಗಾರನಿಗೆ 50 ಡಾಲರು, ವಿದೇಶೀಯನಿಗೆ 100 ಡಾಲರು ಶುಲ್ಕವನ್ನು ಗೊತ್ತುಮಾಡಲಾಯಿತು. ಗೈಡುಗಳನ್ನು ನೋಂದಾಯಿಸುವ ಮತ್ತು ಅವರ ಕೂಲಿಯ ದರವನ್ನು ನಿಗದಿಮಾಡುವ ಅಧಿಕಾರವನ್ನು ಗವರ್ನರನಿಗೆ ಕೊಡಲಾಯಿತು. 1925ರಲ್ಲಿ ಸ್ಥಾಪಿತವಾದ ಅಲಾಸ್ಕ ಮೃಗ ಆಯೋಗವು ಈ ಕೆಲಸವನ್ನು ಮುಂದುವರಿಸಿತು. ಕಾವಲುಗಾರರು ಬೆರಳೆಣಿಕೆಯಷ್ಟು, ಕಾವಲು ಕಾಯಬೇಕಾದ ನೆಲವೋ ಒಂದು ದೊಡ್ಡ ದೇಶದಷ್ಟು. ಇಂತಹ ಸನ್ನಿವೇಶದಲ್ಲಿ ಗೈಡು ಸರ್ಕಾರದ ಸಂಬಳವಿಲ್ಲದ ಕಾವಲುಗಾರನಾಗಬೇಕೆಂಬ ನಿರೀಕ್ಷೆ ಸಹಜವಾಗಿತ್ತು. ಈ ನಿರೀಕ್ಷೆ ಇಂದಿನ ಶಾಸನದಲ್ಲಿಯೂ ಉಳಿದಿದೆ : ತಾನು ಕರೆದೊಯ್ದ ಗಿರಾಕಿಯೇ ಮೃಗಸಂರಕ್ಷಣೆಯ ನಿಯಮವನ್ನು ಮೀರಿದರೂ ಗೈಡು ಅದನ್ನು ವರದಿ ಮಾಡತಕ್ಕದ್ದು, ತಿಳಿದೂ ಮುಚ್ಚಿಟ್ಟರೆ ಅದು ಅಪರಾಧ. ತನಗೆ ಹಣ ಕೊಡುವವನ ಮೇಲೆಯೇ ಸಾಕ್ಷಿ ನುಡಿಯಬೇಕಾದ ವೃತ್ತಿಗಳು ಬಹಳ ಇರಲಾರವು.

ಪರಸ್ಥಳದ ಬೇಟೆಗಾರನು ಅಲಾಸ್ಕದಲ್ಲಿ ಕಂದು ಕರಡಿಯನ್ನೋ ಬೆಟ್ಟದ ಮೇಕೆಯನ್ನೋ ಡಾಲ್ ಕುರಿ ಎಂಬ ಬಿಳಿಯ ಕಾಡುಕುರಿಯನ್ನೋ ಹೊಡೆಯಬೇಕಾದರೆ, ಅಲ್ಲಿಯೇ ನೆಲೆಸಿರುವ ಹತ್ತಿರದ ಬಂಧು ಜೊತೆಗಿಲ್ಲದ ಪಕ್ಷದಲ್ಲಿ, ಗೈಡನ್ನು ಇಟ್ಟುಕೊಳ್ಳಲೇಬೇಕು. ವಿದೇಶೀಯನಿಗೆ ಈ ನಿಯಮ ಎಲ್ಲ ದೊಡ್ಡ ಮೃಗಗಳಿಗೂ ಅನ್ವಯಿಸುತ್ತದೆ. ಇದಕ್ಕೆ ಕಾರಣ ಪ್ರಾಣಾಪಾಯವೊಂದೇ ಅಲ್ಲ. ಹೆಚ್ಚಿನ ಕಡೆಗಳಲ್ಲಿ ಕೊಂಬು ಪೂರ್ಣ ಸುತ್ತು ಬಂದಿರುವ ಟಗರನ್ನು ಮಾತ್ರ ಹೊಡೆಯಬಹುದೆಂಬ ನಿಯಮವಿರುವಾಗ, ದೂರದ ಬಂಡೆಯ ಮೇಲೆ ನಿಂತ ಪ್ರಾಣಿಯ ಕೊಂಬಿನ ಸುತ್ತನ್ನು ಅಳೆಯಬಲ್ಲ ಪಳಗಿದ ಕಣ್ಣು ಬೇಕು. ಆ ಕಣ್ಣಿಗಾಗಿಯೇ ಪರೀಕ್ಷೆ, ಸಹಾಯಕನಾಗಿ ಸೇವೆ, ಅನಂತರ ಪೂರ್ಣ ಪರವಾನಗಿ ಎಂಬ ಶ್ರೇಣಿಗಳು ಏರ್ಪಟ್ಟವು. ಇಲ್ಲಿಯವರೆಗೆ ಆಕ್ಷೇಪಿಸತಕ್ಕದ್ದು ಏನೂ ಇಲ್ಲ. ಆದರೆ ಶಾಸನವೇ ಗಿರಾಕಿಯನ್ನು ಗೈಡಿನ ಬಾಗಿಲಿಗೆ ಕಳುಹಿಸಿದಾಗ ಪರವಾನಗಿಗೆ ಒಂದು ಬೆಲೆ ಹುಟ್ಟುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು.

ಎರಡನೆಯ ಮಹಾಯುದ್ಧದ ತರುವಾಯ ಸಣ್ಣ ವಿಮಾನಗಳು ಈ ವೃತ್ತಿಯ ಸ್ವರೂಪವನ್ನೇ ಬದಲಾಯಿಸಿದವು. ಹಿಂದೆ ಕುದುರೆಯ ಮೇಲೆ ವಾರಗಟ್ಟಲೆ ಸಾಗಬೇಕಾಗಿದ್ದ ಕಣಿವೆಗೆ ಈಗ ಕೆಲವು ಗಂಟೆಗಳ ಪ್ರಯಾಣ. ಉತ್ತರದ ಹಿಮಸಾಗರದ ಮೇಲೆ ವಿಮಾನದಲ್ಲಿ ಹೋಗಿ ಹಿಮಕರಡಿಗಳನ್ನು ಹೊಡೆಸುವ ವ್ಯವಹಾರವು 1972ರಲ್ಲಿ ನಿಲ್ಲುವವರೆಗೂ ನಡೆಯಿತು. ಒಂದೇ ಕಣಿವೆಯಲ್ಲಿ ಹಲವು ಗೈಡುಗಳ ಬಿಡಾರಗಳು ಬಿದ್ದವು. ಮೊದಲು ಬಂದವನು ಉಳಿಸಿಟ್ಟ ಎಳೆಯ ಟಗರು ಮರುವರ್ಷ ಮತ್ತೊಬ್ಬನ ಗಿರಾಕಿಯ ಪಾಲಾಗುವುದಾದರೆ, ಉಳಿಸಿಡುವ ಬುದ್ಧಿ ಯಾರಿಗೆ ತಾನೆ ಬಂದೀತು?

ಈ ಸಮಸ್ಯೆಗೆ 1970ರ ದಶಕದಲ್ಲಿ ಸಂಸ್ಥಾನದ ಗೈಡು ಪರವಾನಗಿ ಮಂಡಲಿಯು ಕಂಡುಕೊಂಡ ಪರಿಹಾರ, ನೆಲವನ್ನು ಹಂಚಿಕೊಡುವುದು. ಗೊತ್ತಾದ ಪ್ರದೇಶವೊಂದರಲ್ಲಿ ಗೊತ್ತಾದ ಗೈಡು ಮಾತ್ರ ವೃತ್ತಿ ನಡೆಸಬಹುದು. ಸಾಮಾನ್ಯ ಬೇಟೆಗಾರರು ಬರಬಹುದು, ಬೇರೆ ಗೈಡುಗಳು ಬರಕೂಡದು. ಹಂಚಿಕೆಗೆ ಮುಖ್ಯ ಆಧಾರಗಳಾದುವು ಹಿಂದಿನ ಬಳಕೆ, ಅಧಿವಾಸ ಮತ್ತು ಹೂಡಿದ ಬಂಡವಾಳ. ಅಂದರೆ ಆಗಲೇ ನೆಲೆಯೂರಿದವರಿಗೆ ಆದ್ಯತೆ, ಹೊಸಬರಿಗೆ ಕಾದು ನೋಡುವ ಭಾಗ್ಯ. ಪ್ರದೇಶಕ್ಕಾಗಿ ಸಂಸ್ಥಾನಕ್ಕೆ ಬಾಡಿಗೆಯಿಲ್ಲ, ಹರಾಜಿಲ್ಲ, ಅವಧಿಯ ಮಿತಿಯಿಲ್ಲ. ವೃತ್ತಿಯಿಂದ ನಿವೃತ್ತನಾಗುವವನು ತನ್ನ ಪ್ರದೇಶವನ್ನು ಸ್ವಂತ ಆಸ್ತಿಯೋ ಎಂಬಂತೆ ಇನ್ನೊಬ್ಬನಿಗೆ ಮಾರಲೂಬಹುದಾಗಿತ್ತು.

ಈ ‘ಬಳಕೆ ಮತ್ತು ಅಧಿವಾಸ’ ಎಂಬ ಮಾತಿನ ಮುಂದೆ ಇತಿಹಾಸಕಾರನು ಸ್ವಲ್ಪ ನಿಲ್ಲಬೇಕಾಗುತ್ತದೆ. ಅಲಾಸ್ಕದ ಮೂಲನಿವಾಸಿಗಳ ಹಕ್ಕುಗಳನ್ನು ಇತ್ಯರ್ಥಪಡಿಸಿದ ಕೇಂದ್ರ ಶಾಸನವು ಬಂದುದು 1971ರಲ್ಲಿ. ಸುಮಾರು 4 ಕೋಟಿ 40 ಲಕ್ಷ ಎಕರೆ ನೆಲವನ್ನೂ 96 ಕೋಟಿ 25 ಲಕ್ಷ ಡಾಲರುಗಳನ್ನೂ ಕೊಟ್ಟು, ಬಳಕೆ ಮತ್ತು ಅಧಿವಾಸಗಳನ್ನು ಆಧರಿಸಿದ ಅವರ ಪುರಾತನ ಹಕ್ಕುಗಳೆಲ್ಲವನ್ನೂ ಆ ಶಾಸನ ಅಳಿಸಿಹಾಕಿತು. ಸಹಸ್ರಾರು ವರ್ಷಗಳ ಬಳಕೆಯ ಹಕ್ಕನ್ನು ರಾಜ್ಯವ್ಯವಸ್ಥೆ ಕೊಂಡು ಮುಗಿಸಿದ ಕೆಲವೇ ವರ್ಷಗಳಲ್ಲಿ, ಹತ್ತಿಪ್ಪತ್ತು ವರ್ಷಗಳ ಬಳಕೆಯನ್ನು ತೋರಿಸಿದ ಗೈಡಿಗೆ ಅದೇ ಶಬ್ದಗಳ ಬಲದಿಂದ ಹೊಸ ಹಕ್ಕು ದೊರೆಯಿತು. ಮಂಡಲಿಯವರು ಇದನ್ನು ಉದ್ದೇಶಪೂರ್ವಕವಾಗಿ ಮಾಡಿದರೆಂದು ಹೇಳಲು ಬರುವುದಿಲ್ಲ. ಎರಡು ಕ್ರಮಗಳ ಗುರಿಗಳೂ ಬೇರೆಯೇ. ಆದರೂ ಒಂದೇ ದಶಕದ ಈ ಎರಡು ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಬಳಕೆ ಎಂಬ ಶಬ್ದದ ತೂಕ ಬಳಸುವವನನ್ನು ಅನುಸರಿಸಿ ಬದಲಾಗುವುದು ಕಾಣದಿರದು.

ತನಗೆ ಬೇಕಾಗಿದ್ದ ಪ್ರದೇಶದಲ್ಲಿ ಮಂಡಲಿಯ ಅನುಮತಿ ದೊರೆಯದ ಒಬ್ಬ ಗೈಡು ನ್ಯಾಯಾಲಯದ ಮೊರೆಹೊಕ್ಕನು. ಓಸಿಚೆಕ್ ಮೊಕದ್ದಮೆಯೆಂದು ಹೆಸರಾದ ಈ ವ್ಯಾಜ್ಯವನ್ನು ಅಲಾಸ್ಕದ ಸರ್ವೋಚ್ಚ ನ್ಯಾಯಾಲಯವು 1988ರಲ್ಲಿ ತೀರ್ಮಾನಿಸಿತು. ಸಂಸ್ಥಾನದ ಸಂವಿಧಾನದ ಎಂಟನೆಯ ಅಧ್ಯಾಯದಲ್ಲಿ, ಸಹಜಸ್ಥಿತಿಯಲ್ಲಿರುವ ಮೀನು, ಮೃಗ ಮತ್ತು ನೀರು ಜನರ ಸಾಮಾನ್ಯ ಬಳಕೆಗೆ ಮೀಸಲು ಎಂಬ ವಿಧಿಯಿದೆ. 1955-56ರಲ್ಲಿ ಸಂವಿಧಾನವನ್ನು ರಚಿಸಿದವರ ಮನಸ್ಸಿನಲ್ಲಿ ಸಾಲ್ಮನ್ ಮೀನಿನ ಕಹಿ ಅನುಭವ ಹಸಿಯಾಗಿಯೇ ಇತ್ತು. ಹೊರಗಿನ ಡಬ್ಬಿ ಕಾರ್ಖಾನೆಗಳ ಒಡೆಯರು ನದೀಮುಖಗಳ ಬಳಿ ಹೂಡಿದ್ದ ಭಾರಿ ಬೋನುಗಳು ಮೀನನ್ನು ಬಾಚಿಕೊಂಡು ಸ್ಥಳೀಯ ಬೆಸ್ತರ ಬಲೆಗಳನ್ನು ಬರಿದು ಮಾಡಿದ್ದವು. 1956ರಲ್ಲಿ ಸಂವಿಧಾನಕ್ಕೆ ಮತ ಹಾಕಿದ ಜನರೇ ಆ ಬೋನುಗಳ ನಿಷೇಧಕ್ಕೂ ಮತ ಹಾಕಿದರು.

ಸಂಸ್ಥಾನದ ಪರವಾಗಿ ಹೂಡಿದ ವಾದಗಳಲ್ಲಿ ಒಂದು ಜಾಣತನದ್ದು : ಸಾಮಾನ್ಯ ಬಳಕೆಯ ಹಕ್ಕು ಬೇಟೆಯಾಡುವವನದು, ಬೇಟೆಯಿಂದ ಸಂಪಾದಿಸುವ ಗೈಡಿನದಲ್ಲ. ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಮಾರುವುದಕ್ಕಾಗಿ ಮೀನು ಹಿಡಿಯುವವನಿಗೆ ಇರುವ ಸಂರಕ್ಷಣೆ ಗೈಡಿಗೆ ಏಕಿಲ್ಲ? ತೀರ್ಪಿನ ಹೆಚ್ಚು ಸ್ವಾರಸ್ಯವಾದ ಭಾಗವಾದರೋ ಇತಿಹಾಸಕ್ಕೆ ಸಂಬಂಧಿಸಿದ್ದು. ಕಾಡುಮೃಗಕ್ಕೆ ಒಡೆಯನಿಲ್ಲವೆಂಬ ರೋಮನ್ ನ್ಯಾಯ, ಕಾಡನ್ನೂ ಮೃಗವನ್ನೂ ತಮ್ಮದಾಗಿಸಿಕೊಂಡು ಇಷ್ಟರಿಗೆ ದಾನಮಾಡಿದ ಇಂಗ್ಲೆಂಡಿನ ದೊರೆಗಳು, ಅದಕ್ಕೆ ತಡೆಯೊಡ್ಡಿದ 1215ರ ಮಹಾಸನ್ನದು — ಈ ಪರಂಪರೆಯನ್ನು ನ್ಯಾಯಾಲಯ ನೆನೆಯಿತು. ಬಾಡಿಗೆ, ಸ್ಪರ್ಧೆ, ಅವಧಿ ಯಾವುದೂ ಇಲ್ಲದ ಈ ಹಂಚಿಕೆಯು, ಸಂವಿಧಾನವು ಯಾವುದನ್ನು ತಡೆಯಲು ಹೊರಟಿತ್ತೋ ಆ ರಾಜದಾನಗಳನ್ನೇ ಹೋಲುತ್ತದೆಂದು ಹೇಳಿ ಅದನ್ನು ರದ್ದುಮಾಡಿತು.

ಇದೇ ರೋಮನ್ ಮೂಲದ ಸಾರ್ವಜನಿಕ ವಿಶ್ವಸ್ತ ತತ್ತ್ವವು ಅಮೆರಿಕದ ತೀರ್ಪುಗಳ ಮಾರ್ಗವಾಗಿ ನಮ್ಮ ದೇಶಕ್ಕೂ ಬಂದಿದೆ. ಬಿಯಾಸ್ ನದಿಯ ದಂಡೆಯ ಅರಣ್ಯಭೂಮಿಯನ್ನು ಖಾಸಗಿ ವಸತಿಗೃಹಕ್ಕೆ ಗುತ್ತಿಗೆ ಕೊಟ್ಟುದನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು ಮೆಹತಾ-ಕಮಲನಾಥ್ ಮೊಕದ್ದಮೆಯ ತೀರ್ಪಿನಲ್ಲಿ ಅಸಿಂಧುಗೊಳಿಸಿದ್ದು ಈ ತತ್ತ್ವದ ಆಧಾರದ ಮೇಲೆಯೇ. ಬೇಟೆಯ ವಿಷಯದಲ್ಲಾದರೋ, 1972ರ ವನ್ಯಜೀವಿ ಸಂರಕ್ಷಣ ಶಾಸನವೂ ಅದರ ಮುಂದಿನ ತಿದ್ದುಪಡಿಗಳೂ ಕ್ರೀಡಾಬೇಟೆಯನ್ನೇ ಕೊನೆಗಾಣಿಸಿದುದರಿಂದ, ಗೈಡಿನ ಪ್ರಶ್ನೆ ನಮ್ಮಲ್ಲಿ ಏಳುವ ಸಂಭವವಿಲ್ಲ.

ಅಲಾಸ್ಕದಲ್ಲಿ ತೀರ್ಪಿನಿಂದ ಸಮಸ್ಯೆ ಪರಿಹಾರವಾಯಿತೆಂದು ಹೇಳುವಂತಿಲ್ಲ. ನ್ಯಾಯಾಲಯ ತೆಗೆದುಹಾಕಿದ್ದು ಕೆಟ್ಟ ಪರಿಹಾರವನ್ನೇ ಹೊರತು ಕಣಿವೆಯ ನೂಕುನುಗ್ಗಲನ್ನಲ್ಲ. ನೆಲೆಯೂರಿದ ಗೈಡುಗಳ ಅಳಲಿನಲ್ಲಿ ಸ್ವಾರ್ಥವಿದ್ದಂತೆ ಸತ್ಯಾಂಶವೂ ಇತ್ತು. ತನ್ನದೆಂಬ ನೆಲವನ್ನು ಜೋಪಾನ ಮಾಡುವವನು ಎಲ್ಲರದೆಂಬ ನೆಲವನ್ನು ಅಷ್ಟೇ ಜೋಪಾನ ಮಾಡುವನೆಂಬ ಭರವಸೆಯಿಲ್ಲ. ಅನಂತರದ ಶಾಸನವು ಒಬ್ಬ ಗೈಡು ಏಕಕಾಲದಲ್ಲಿ ಮೂರು ಪ್ರದೇಶಗಳಿಗಿಂತ ಹೆಚ್ಚಿನಲ್ಲಿ ವೃತ್ತಿ ನಡೆಸಬಾರದೆಂಬ ಮಿತಿಯನ್ನು ಹಾಕಿತು. ಆದರೆ ಒಂದು ಪ್ರದೇಶಕ್ಕೆ ಎಷ್ಟು ಮಂದಿ ಗೈಡುಗಳು ಬರಬಹುದೆಂಬುದಕ್ಕೆ ಅದರಲ್ಲಿ ಮಿತಿಯಿರಲಿಲ್ಲ. ಕೇಂದ್ರ ಸರ್ಕಾರದ ವನ್ಯಜೀವಿಧಾಮಗಳಲ್ಲಿ ಸ್ಪರ್ಧೆಯ ಮೂಲಕ ಆರಿಸಿದವರಿಗೆ ಗೊತ್ತಾದ ಅವಧಿಯ ಅನುಮತಿಯನ್ನು ಕೊಡುವ ಪದ್ಧತಿ ನೆಲೆಗೊಂಡಿತು. ಸಂಸ್ಥಾನದ ಸ್ವಂತ ನೆಲದಲ್ಲಿ, ಅದರಲ್ಲಿಯೂ ಕುರಿಗಳಿರುವ ಬೆಟ್ಟಗಳಲ್ಲಿ, ಇಕ್ಕಟ್ಟು ಮುಂದುವರಿಯಿತು. ಅಲ್ಲಿಯೂ ಇಂತಹ ಪದ್ಧತಿಯನ್ನು ತರಬೇಕೆಂಬ ಪ್ರಸ್ತಾವ ಈ ಶತಮಾನದಲ್ಲಿ ಮತ್ತೆ ಮತ್ತೆ ಚರ್ಚೆಗೆ ಬಂದಿದೆ. ಮಿತವಾದ ಅವಧಿಯುಳ್ಳ, ಸ್ಪರ್ಧೆಯಿಂದ ನೀಡುವ ಗುತ್ತಿಗೆಗೆ ತನ್ನ ಆಕ್ಷೇಪವಿಲ್ಲವೆಂಬ ಸೂಚನೆಯನ್ನು ನ್ಯಾಯಾಲಯವು 1988ರ ತೀರ್ಪಿನಲ್ಲಿಯೇ ಕೊಟ್ಟಿತ್ತು. ಪ್ರಸ್ತಾವದ ಕರಡುಗಳಲ್ಲಿ ಅವಧಿ, ಸ್ಪರ್ಧೆ, ಶುಲ್ಕ ಎಂಬ ಮೂರು ಶಬ್ದಗಳೂ ಕಾಣಿಸಿಕೊಂಡುದು ಆ ಸೂಚನೆಯ ಫಲ.